ಬೆಕ್ಕಿಲ್ಲದ ಗಂಟು

ಎರಡನೆಯ ಗಂಟಿನ ದಾರವನ್ನು ಹಲ್ಲಿನಿಂದ ಎಳೆದು ಬಿಗಿದ ಸೌದಾಮಿನಿಯಮ್ಮ ಅದನ್ನು ಮೊದಲನೆಯದರ ಪಕ್ಕದಲ್ಲಿಟ್ಟು ನೋಡಿದರು. ಅದೇ ಬಿಳಿ ಮಲ್ಲು ಬಟ್ಟೆ, ಅದೇ ಉದ್ದ, ಅದೇ ದಪ್ಪ. ಯಾವುದು ಯಾವುದೆಂದು ಕಟ್ಟಿದವರಿಗೆ ಮಾತ್ರ ಗೊತ್ತು.

ಒಂದರೊಳಗೆ ಶ್ರವಣಬೆಳಗೊಳದ ಪಂಚೆ. ಐದು ವರ್ಷದ ಹಿಂದೆ, ಎಂಬತ್ತೊಂದರ ಮಹಾಮಸ್ತಕಾಭಿಷೇಕಕ್ಕೆ ಊರಿಗೆ ಹೋಗಿದ್ದ ಗಂಡ ಗುಣಪಾಲರು, ಗೊಮ್ಮಟನ ಪಾದಕ್ಕೆ ಇಳಿದುಬಂದ ಹಾಲು ಅರಿಶಿನದಲ್ಲಿ ಅದನ್ನು ಅದ್ದಿ ತಂದಿದ್ದರು. ನಾನು ಹೋಗುವಾಗ ಇದು ನನ್ನ ಎದೆಯ ಮೇಲಿರಬೇಕು ಎಂಬುದೊಂದೇ ಅವರು ಬಾಯಿಬಿಟ್ಟು ಹೇಳಿದ ಆಸೆ. ಇನ್ನೊಂದರೊಳಗೆ ನೀಲಿ ಟವೆಲು. ಅದರ ಹೊಟ್ಟೆಯಲ್ಲಿ ಹಳೆಯ ನ್ಯೂಸ್‌ಪೇಪರಿನ ಉಂಡೆಗಳು. ಅದನ್ನು ಇವತ್ತು ಬೆಳಗ್ಗೆ ಹಿತ್ತಿಲ ಗುಲಾಬಿಯ ಬುಡದಿಂದ ಅಗೆದು ತೆಗೆದಿದ್ದರು.

ಗುಣಪಾಲರು ತೀರಿಹೋಗಿ ಮೂರು ದಿನವಾಗಿತ್ತು. ಹನ್ನೊಂದು ಗಂಟೆಗೆ ದಹನ. ಯಾವ ಗಂಟು ಅವರ ಜೊತೆ ಹೋಗಬೇಕೆಂದು ಸೌದಾಮಿನಿಯಮ್ಮ ಒಂದೂವರೆ ವರ್ಷದ ಹಿಂದೆಯೇ ನಿಶ್ಚಯಿಸಿದ್ದರು. ಆದರೆ ನಿನ್ನೆ ಪೆಟ್ಟಿಗೆಯಲ್ಲಿ ಮಲಗಿದ್ದ ಆ ಮುಖ ನೋಡಿದ ಮೇಲೆ ಮನಸ್ಸು ಹಿಂದೆಮುಂದೆ ನೋಡುತ್ತಿತ್ತು.

"ಅಮ್ಮಾ, ವಿ ಆರ್ ಲೇಟ್. ಫ್ರೀವೇಲಿ ಟ್ರಾಫಿಕ್ ಇರ್ತದೆ," ಎಂದು ಮಗಳು ನಿರುಪಮಾ ಕೆಳಗಿನಿಂದ ಕೂಗಿದಳು.

"ಬಂದೆ ಮಗಾ." ಎರಡೂ ಗಂಟುಗಳನ್ನು ಚೀಲಕ್ಕೆ ಹಾಕಿಕೊಂಡು ಅವರು ಮೆಟ್ಟಿಲಿಳಿದರು.

*

ಬೆಕ್ಕಿನ ಹೆಸರು ಚಿಕ್ಕಿ. ಸ್ಯಾನ್ ಹೊಸೆಯಲ್ಲಿ ಈಜಿಪ್ಟಿನ ಹಳೆಯ ವಸ್ತುಗಳನ್ನಿಟ್ಟ ಒಂದು ಮ್ಯೂಸಿಯಮ್ಮಿನಲ್ಲಿ ಸೌದಾಮಿನಿಯಮ್ಮ ವಾರಕ್ಕೆರಡು ದಿನ ಟಿಕೆಟು ಕೊಡುತ್ತಿದ್ದರು. ಅಲ್ಲಿಯ ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕಿದ ಮರಿ ಅದು. ಗೈಡು ಮಕ್ಕಳಿಗೆ ಹೇಳುವುದನ್ನೆಲ್ಲ ಕಿವಿಗೆ ಹಾಕಿಕೊಂಡು ಬಂದು ಅವರು ಸಂಜೆ ಗಂಡನಿಗೆ ಒಪ್ಪಿಸುವರು.

"ಕಣಜ ಕಾಯುದೇ ಬೆಕ್ಕಂತೆ ಆ ದೇಶದಲ್ಲಿ. ಇಲಿ, ಹಾವು ಎಲ್ಲ ಹಿಡೀತಿತ್ತಂತೆ. ಬೆಕ್ಕಿನ ಮುಖದ ದೇವಿಯೇ ಉಂಟು, ಬಾಸ್ತೆತ್ ಅಂತ. ಮನೆ ಬೆಕ್ಕು ಸತ್ತರೆ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ಳುದಂತೆ."

"ನೀನೂ ಬೋಳಿಸಿಕೋ. ಚಂದ ಕಾಣ್ತಿ," ಗುಣಪಾಲರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಕೆಟ್ಟ ಮನುಷ್ಯರೆಂದು ಅವರನ್ನು ಯಾರೂ ಹೇಳಲಾರರು. ಹೊತ್ತು ಮುಳುಗುವ ಮೊದಲೇ ಊಟ. ನಲ್ಲಿಯ ಬಾಯಿಗೂ ಸೋಸುವ ಬಟ್ಟೆ. ಅಂಗಳದಲ್ಲಿ ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವರು. ಅಂಥ ಮನೆಯಲ್ಲಿ ಚಿಕ್ಕಿ ಒಂದು ಬೆಳಗ್ಗೆ ಗುಬ್ಬಿಯೊಂದನ್ನು ಕಚ್ಚಿ ತಂದು ದೇವರ ಮಣೆಯ ಮುಂದಿಟ್ಟು, ಹೊಗಳಿಕೆ ಕಾಯುವಂತೆ ಕೂತಿತು. ನೈಲ್ ನದಿಯ ದಡದಲ್ಲಾಗಿದ್ದರೆ ಅದನ್ನು ಮುದ್ದು ಮಾಡುತ್ತಿದ್ದರೇನೋ. ಗುಣಪಾಲರು ಮೂರು ದಿನ ಉಪವಾಸ ಕೂತರು. ನಾಲ್ಕನೆಯ ದಿನ ಸೌದಾಮಿನಿಯಮ್ಮ ಕೆಲಸ ಮುಗಿಸಿ ಬರುವಾಗ ಗುಲಾಬಿಯ ಬುಡದಲ್ಲಿ ಹಸಿ ಮಣ್ಣಿನ ದಿಬ್ಬ ಎದ್ದಿತ್ತು.

"ಕಾರಿನಡಿಗೆ ಬಿತ್ತು. ನಿನಗೆ ನೋಡ್ಲಿಕ್ಕಾಗುವ ಹಾಗಿರ್ಲಿಲ್ಲ. ನಾನೇ ಸುತ್ತಿ ಮುಚ್ಚಿದೆ."

ಸೌದಾಮಿನಿಯಮ್ಮ ದಿನಾ ಸಂಜೆ ಅಲ್ಲಿ ಹಣತೆ ಹಚ್ಚತೊಡಗಿದರು.

ಆರು ತಿಂಗಳು ಕಳೆದು ಮ್ಯೂಸಿಯಮ್ಮಿಗೆ ಬೆಕ್ಕಿನ ಮಮ್ಮಿಯೊಂದು ಬಂತು. ಬಟ್ಟೆ ಸುತ್ತಿದ ಉದ್ದನೆಯ ಗಂಟು. ಬಟ್ಟೆಯಲ್ಲೇ ಎರಡು ಕಿವಿ ನಿಲ್ಲಿಸಿ, ಕಣ್ಣು ಮೂಗು ಬರೆದಿದ್ದರು. ಪಕ್ಕದಲ್ಲಿ ಅದರ ಎಕ್ಸ್‌ರೇ. ಒಳಗೆ ಮಣ್ಣು, ಜೊಂಡು ಅಷ್ಟೆ. ಒಂದು ಎಲುಬೂ ಇಲ್ಲ. ದೂರದೂರದ ಭಕ್ತರು ದೇವಿಗೆ ಹರಕೆ ಒಪ್ಪಿಸಲು ಗುಡಿಯ ಬಳಿ ಇಂಥವನ್ನು ಕೊಳ್ಳುತ್ತಿದ್ದರು, ಎಲ್ಲದರೊಳಗೂ ಬೆಕ್ಕು ಇರುತ್ತಿರಲಿಲ್ಲ, ಎಂದು ಗೈಡು ಹೇಳಿದಾಗ ಮಕ್ಕಳು ನಕ್ಕರು. ಸೌದಾಮಿನಿಯಮ್ಮ ನಗಲಿಲ್ಲ. ಪೂಜಾರಿಯ ಮುಖ ನಂಬಿ, ಆ ಗಂಟನ್ನು ಎದೆಗೊತ್ತಿಕೊಂಡು ನಡೆದ ಯಾವಳೋ ಒಬ್ಬ ಹೆಂಗಸು ಅವರ ಕಣ್ಣಿಗೆ ಕಟ್ಟಿದಳು. ಅಂದು ಮಧ್ಯಾಹ್ನವೇ ಮನೆಗೆ ಬಂದು ಗುಲಾಬಿಯ ಬುಡ ಅಗೆದರು.

ನೀಲಿ ಟವೆಲು ಬಿಚ್ಚಿ ನೋಡಿ, ಮತ್ತೆ ಸುತ್ತಿ, ಇದ್ದ ಹಾಗೆಯೇ ಮುಚ್ಚಿದರು. ಗಂಡನನ್ನು ಒಂದು ಮಾತೂ ಕೇಳಲಿಲ್ಲ. ಸಂಜೆ ಹಣತೆ ಹಿಡಿದು ಹಿತ್ತಿಲಿಗೆ ಇಳಿದವರು, "ಬೆಂಕಿಪೆಟ್ಟಿಗೆ ಮರೆತೆ, ಸ್ವಲ್ಪ ತನ್ನಿ," ಎಂದು ಕೂಗಿದರು. ಗುಣಪಾಲರು ತಂದುಕೊಟ್ಟರು. ಮಾರನೆಯ ದಿನವೂ ಮರೆತರು. ಒಂದೂವರೆ ವರ್ಷ, ಒಂದು ಸಂಜೆಯೂ ತಪ್ಪದೆ, ಬೆಂಕಿಪೆಟ್ಟಿಗೆ ಮರೆಯುತ್ತಲೇ ಹೋದರು.

*

ಫ್ಯೂನರಲ್ ಹೋಮಿನ ಕಾರ್ಪೆಟ್ಟಿನ ಮೇಲೆ ಹೆಜ್ಜೆಯ ಸದ್ದಿರಲಿಲ್ಲ. ಮಿಲ್ಪಿಟಾಸಿನಿಂದ ಗುಣಪಾಲರ ಗೆಳೆಯ ಜಯರಾಜ್, ಹೆಂಡತಿ ರತ್ನಾವತಿಯೊಂದಿಗೆ ಬಂದಿದ್ದರು.

"ಅತ್ತುಬಿಡಿ ಅಕ್ಕಾ. ಎದೆ ಹಗುರ ಆಗ್ತದೆ," ಎಂದು ರತ್ನಾವತಿ ಕೈ ಹಿಡಿದುಕೊಂಡರು.

ಸೌದಾಮಿನಿಯಮ್ಮನಿಗೆ ನಿಜಕ್ಕೂ ಅಳು ಬರುವಂತಿತ್ತು. ಚಿಕ್ಕಿಯನ್ನು ಯಾರಿಗಾದರೂ ಸಾಕಲು ಕೊಟ್ಟಿರಬಹುದು, ಹೇಳಲು ಅಂಜಿರಬಹುದು ಎಂದುಕೊಂಡರು. ಚೀಲದೊಳಗೆ ಬೆರಳುಗಳು ಪಂಚೆಯ ಗಂಟನ್ನು ಹುಡುಕಿ ಹಿಡಿದವು.

"ಇಂಥವರು ಇನ್ನು ಸಿಗ್ಲಿಕ್ಕಿಲ್ಲ," ಎಂದರು ಜಯರಾಜ್. "ಇರುವೆಗೂ ದಾರಿ ಬಿಟ್ಟವರು ಮಾರಾಯ್ರೆ. ಆ ಬೆಕ್ಕನ್ನೇ ತಕೊಳ್ಳಿ. ಬೇರೆಯವರಾದರೆ ಸೂಜಿ ಚುಚ್ಚಿಸಿ ಮುಗಿಸ್ತಿದ್ದರು. ಇವರು ಇಲ್ಲೇ ಡಬ್ಲಿನ್ ಪೇಟೆಯ ಆಚೆ ಗುಡ್ಡದವರೆಗೆ..."

"ನಿಮ್ಮ ಬಾಯಿಗೊಂದು ಬಾಗಿಲಿಲ್ವಾ?" ರತ್ನಾವತಿ ಗಂಡನನ್ನು ತಿವಿದರು.

"ಹೇಳಿ ಜಯರಾಜಣ್ಣ. ನನಗೆ ಗೊತ್ತುಂಟು," ಸೌದಾಮಿನಿಯಮ್ಮ ತಣ್ಣಗೆ ಸುಳ್ಳಾಡಿದರು.

"ಗೊತ್ತುಂಟಾ? ಮತ್ತೆಂತ. ಒಂದು ಬಟ್ಟಲು ಹಾಲಿಟ್ಟು ಬಿಟ್ಟೆವು. ಕುಡೀಲಿಲ್ಲ ಅದು. ಕಾರಿನ ಹಿಂದೆಯೇ ಓಡಿ ಬಂತು, ಅರ್ಧ ಮೈಲಿ ಬಂದಿರಬಹುದು. ನಿಲ್ಲಿಸಿ ಅಂದೆ ನಾನು. ಅವರು ಪಂಚ ನಮಸ್ಕಾರ ಹೇಳ್ತಾ ಇದ್ದರು. ನಿಲ್ಲಿಸ್ಲಿಲ್ಲ."

"ಹತ್ತಿರ ಮನೆ ಉಂಟಾ ಅಲ್ಲಿ?"

"ಎಲ್ಲಿಯ ಮನೆ. ನರಿ ಕೂಗುದು ಮಾತ್ರ."

ಚೀಲದೊಳಗೆ ಬೆರಳುಗಳು ಹಿಡಿದದ್ದನ್ನು ಬಿಟ್ಟವು. ಇನ್ನೊಂದನ್ನು ಹೊರಗೆ ತೆಗೆದರು.

"ಅಪ್ಪನ ಬಟ್ಟೆ?" ನಿರುಪಮಾ ಅದನ್ನು ಕೈಗೆ ತೆಗೆದುಕೊಂಡು ಮೂಸಿದಳು. "ಇಟ್ ಸ್ಮೆಲ್ಸ್ ಲೈಕ್ ಮಡ್, ಅಮ್ಮಾ. ಬಿಚ್ಚಿ ಹೊದೆಸುವಾ?" ಎಂದು ದಾರಕ್ಕೆ ಉಗುರು ಹಾಕಿದಳು.

"ಬಿಡು. ಕಟ್ಟಿದ್ದನ್ನು ಬಿಚ್ಚುವ ಕ್ರಮ ಇಲ್ಲ." ಮಗಳ ಕೈಯಿಂದ ಗಂಟನ್ನು ಇಸಿದುಕೊಂಡು ಅವರು ಪೆಟ್ಟಿಗೆಯ ಬಳಿ ಹೋದರು. ಎದೆಯ ಮೇಲಿಟ್ಟರು. ತಣ್ಣಗಿದ್ದ ಎರಡು ಕೈಗಳನ್ನೂ ತಂದು ಅದರ ಮೇಲೆ ಜೋಡಿಸಿ, ಮುಖದ ಹತ್ತಿರ ಬಾಗಿದರು. ಕೊನೆಯ ಮಾತು ಹೇಳುತ್ತಿದ್ದಾರೆಂದು ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

"ತಕೊಳ್ಳಿ," ಎಂದರು ಸೌದಾಮಿನಿಯಮ್ಮ. "ನೀವೇ ಸುತ್ತಿದ್ದು."

ಮುಚ್ಚಳ ಹಾಕಿದರು. ಜಯರಾಜ್ 'ಣಮೋ ಅರಿಹಂತಾಣಂ' ಎಂದು ಶುರುಮಾಡಿದರು; ದನಿಗೆ ದನಿ ಸೇರಿತು. ಬೆಂಕಿ ಹೊತ್ತಿಸುವ ಗೋಡೆಯ ಗುಂಡಿಯ ಕಡೆ ಚಾಚಿದ ಕೈಯನ್ನು ಮಗಳು ಹಿಂದೆಗೆದುಕೊಂಡಳು. ತಾಯಿಯೇ ಮುಂದೆ ಬಂದು ಒತ್ತಿದರು.

*

ಇನ್ನೂ ಬಿಸಿಲಿತ್ತು. ಮಿಂದು ಬಂದ ಸೌದಾಮಿನಿಯಮ್ಮ ಗುಲಾಬಿಯ ಬುಡದಲ್ಲಿ ಕೂತರು. ಬೆಳಗ್ಗೆ ಅಗೆದ ಗುಂಡಿ ಹಾಗೇ ಬಾಯಿ ತೆರೆದಿತ್ತು. ಉಳಿದ ಗಂಟನ್ನು ಬಿಚ್ಚಿ ಪಂಚೆಯನ್ನು ಮೊಣಕಾಲ ಮೇಲೆ ಹರಡಿದರು. ಐದು ವರ್ಷವಾದರೂ ಅರಿಶಿನ ಮಾಸಿರಲಿಲ್ಲ. ನಡುವೆ, ಮನೆಯಲ್ಲೇ ಉಳಿದಿದ್ದ ಚಿಕ್ಕಿಯ ಹಾಲಿನ ಬಟ್ಟಲನ್ನಿಟ್ಟರು. ಮ್ಯೂಸಿಯಮ್ಮಿನ ಗಾಜಿನ ಹಿಂದೆ ಕಂಡಿದ್ದಂತೆಯೇ ಮಡಿಕೆಯ ಮೇಲೆ ಮಡಿಕೆ ಹಾಕಿ ಸುತ್ತಿದರು.

"ಅಮ್ಮಾ? ವಾಟ್ ಆರ್ ಯು ಡೂಯಿಂಗ್?" ನಿರುಪಮಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಸೌದಾಮಿನಿಯಮ್ಮ ಉಳಿದ ಎರಡು ಮೂಲೆಗಳನ್ನು ಮೇಲಕ್ಕೆಳೆದು, ಹಿಂಡಿ, ಚೂಪು ಮಾಡಿ ನಿಲ್ಲಿಸಿದರು. ಆಮೇಲೆ ಗಂಟನ್ನು ಗುಂಡಿಗೆ ಇಳಿಸಿ, ಎರಡೂ ಕೈಯಿಂದ ಮಣ್ಣು ಎಳೆದರು. ಮಣ್ಣು ತುಂಬುತ್ತ ತುಂಬುತ್ತ ಬಂತು. ಕೊನೆಗೆ ಎರಡು ಅರಿಶಿನದ ಕಿವಿಗಳು ಮಾತ್ರ ನೆಲದಿಂದ ಮೇಲೆದ್ದು, ಮನೆಯ ಕಡೆಗೆ ನೆಟ್ಟಗೆ ನಿಂತಿದ್ದವು.