ಉಳಿದ ಎರಡು ಸುತ್ತು

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಮದುವೆಗಳಲ್ಲಿ ನರಸಣ್ಣನ ಬ್ಯಾಂಡಿಗೆ ಹೆಸರು ಬಂದದ್ದು ಸಿನಿಮಾ ಹಾಡುಗಳಿಂದಲ್ಲ, 'ವಾಲಸಿ'ನಿಂದ. ಅದು ಅವನ ಅಜ್ಜ ನಿಜಾಮನ ಪಲ್ಟನ್ನಿನ ಬ್ಯಾಂಡಿನಲ್ಲಿ ಕಲಿತು ತಂದ ಬಿಳಿಯರ ಕುಣಿತದ ಹಾಡು. ಯಾವ ಪುಣ್ಯಾತ್ಮ ಕಟ್ಟಿದ್ದೋ, ಅಜ್ಜನಿಗೂ ಗೊತ್ತಿರಲಿಲ್ಲ. ಮೂರು ಎಣಿಕೆಯ ತಾಳ. ಒಂದಕ್ಕೆ ದೊಡ್ಡ ಡ್ರಮ್ಮು, ಎರಡು ಮೂರಕ್ಕೆ ಸಣ್ಣ ಡ್ರಮ್ಮು. ಗಾಂಧಾರ ಕೋಮಲವಾದ್ದರಿಂದ, ಕುಣಿಸುವ ಹಾಡಾದರೂ ಕೇಳಿದವರ ಕರುಳು ಚುರ್ ಅನ್ನುತ್ತಿತ್ತು. ನಡೆಯುವವನ ಉಸಿರಿನಷ್ಟು ನಿಧಾನವಾಗಿ ಐದು ಸುತ್ತು ತಿರುಗಿ ಷಡ್ಜಕ್ಕೆ ಬಂದು ನಿಲ್ಲಬೇಕು.

ಆ ಹಾಡಿಗೊಂದು ಕಟ್ಟಳೆ ಇತ್ತು. ಮದುಮಗನ ಮುಂದೆ ಎತ್ತಿದ ವಾಲಸನ್ನು ನಡುವೆ ಬಿಡಬಾರದು. ಬಿಟ್ಟರೆ ಮದುವೆ ಮುರಿಯುತ್ತದೆ. ನರಸಣ್ಣನ ಅಪ್ಪ ಒಮ್ಮೆ ಮಳೆಗೆ ಹೆದರಿ ಅರ್ಧಕ್ಕೆ ನಿಲ್ಲಿಸಿದ್ದನಂತೆ. ಆರು ತಿಂಗಳಿಗೆ ಹುಡುಗಿ ತವರಿಗೆ ಬಂದು ಕೂತಳಂತೆ, ಅವಳ ಕಡೆಯವರು ಬ್ಯಾಂಡಿನವರನ್ನು ಹುಡುಕಿಕೊಂಡು ಬಂದು ಬಡಿದರಂತೆ. ಅವಳ ಗಂಡ ಎಂಥವನಿದ್ದ ಎಂದು ಮಾತ್ರ ಯಾರೂ ಕೇಳಲಿಲ್ಲ.

ದೊಡ್ಡ ಡ್ರಮ್ಮು ಹೊರುತ್ತಿದ್ದವನು ನರಸಣ್ಣನ ತಮ್ಮ ಕನಕರಾಯ. ನಾಲ್ಕು ದಿನದಿಂದ ಎದೆ ಹಿಡಿಯುತ್ತಿದೆ ಅನ್ನುತ್ತಲೇ ಇದ್ದ. ತುರ್ವಿಹಾಳದ ಮದುವೆಯ ಬೆಳಿಗ್ಗೆಯೂ ಅದನ್ನೇ ಅಂದ.

"ಅಣ್ಣಾ, ಇವತ್ತ ಡ್ರಮ್ಮು ಬ್ಯಾರೆದವರಿಗೆ ಕೊಡು. ಉಸುರು ಸಾಲವಲ್ದು."

"ಮಿರ್ಚಿ ಮಂಡಾಳು ತಿನ್ನಾದು ಕಮ್ಮಿ ಮಾಡಲೇ, ಬರೇ ಗ್ಯಾಸದು, ಎಲ್ಲಾ ಸರಿ ಆಕೈತಿ," ಅಂದ ನರಸಣ್ಣ. "ನಿನ್ನ ಬಿಟ್ರ ವಾಲಸಿಗೆ ಯಾರು ಬಡೀತಾರ?"

ಹೊಗಳಿದನೋ ಬೈದನೋ, ಕನಕರಾಯ ಡ್ರಮ್ಮಿನ ಪಟ್ಟಿಯನ್ನು ಹೆಗಲಿಗೇರಿಸಿದ.

ಮೆರವಣಿಗೆ ಹೊರಟಾಗ ಹನ್ನೊಂದು ಗಂಟೆ. ನೆಲ ಕಾದ ಹಂಚಾಗಿತ್ತು. ಮದುಮಗನ ಗೆಳೆಯರು ಮುಂಜಾನೆಯೇ ಏರಿಸಿಕೊಂಡು ಬಂದಿದ್ದರು. ವಾಲಸು ಒಂದು ಸುತ್ತು ಮುಗಿಯುವುದರೊಳಗೆ ಒಬ್ಬ ಕೂಗಿದ: "ಏನ್ರೀ ಮಾಸ್ತರ, ಹೆಣದ ಮುಂದ ಹೊಂಟೀರೇನು? ಸ್ಪೀಡ್ ಹೊಡೀರಿ!"

ನರಸಣ್ಣನಿಗೆ ಅಜ್ಜನ ನಿಧಾನ ನೆನಪಾಗಬೇಕಿತ್ತು, ಸಿಟ್ಟು ಬಂತು. ತುಟಿಯಲ್ಲಿದ್ದ ಕ್ಲಾರಿಯೊನೆಟ್ಟಿನ ಲಯ ಏರಿಸಿದ. ಕುಡಿದವರು ಹೋ ಎಂದು ಕುಣಿದರು. ಹಿಂದೆ ಡ್ರಮ್ಮಿನ ಪೆಟ್ಟು ಅರ್ಧ ಹೆಜ್ಜೆ ತಡವಾಗಿ ಬೀಳತೊಡಗಿತು. ಬೆಳಗಿನ ಮಾತಿಗೆ ತಮ್ಮ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದೇ ನರಸಣ್ಣನ ಎಣಿಕೆ.

"ಅಣ್ಣಾ, ಲಯ ಇಳಸು," ಅಂದ ಕನಕರಾಯ.

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ," ಎಂದು ಉಗುಳಿ, ನರಸಣ್ಣ ಲಯವನ್ನು ಇನ್ನಷ್ಟು ಏರಿಸಿದ.

ಮೂರನೆಯ ಸುತ್ತಿನ ಕೊನೆಗೆ ಡ್ರಮ್ಮು ನಿಂತಿತು. ಹೊರಳಿ ನೋಡಿದರೆ ಕನಕರಾಯ ಯಾರದೋ ಮನೆಯ ಗೋಡೆಗೆ ಒರಗಿ ಕೂತಿದ್ದ. ಡ್ರಮ್ಮು ತೊಡೆಯ ಮೇಲಿತ್ತು, ಕೋಲು ನೆಲಕ್ಕೆ ಬಿದ್ದಿತ್ತು, ಮುಖವೆಲ್ಲ ಬೆವರು. ಅಣ್ಣನನ್ನೇ ನೋಡುತ್ತಿದ್ದ. ಸಣ್ಣ ಡ್ರಮ್ಮಿನ ಆಂಜನೇಯ, ನಿಲ್ಲಿಸಲೇ ಎಂದು ಕಣ್ಣಲ್ಲೇ ಕೇಳಿದ.

ಇದು ಮಿರ್ಚಿಯ ಗ್ಯಾಸಲ್ಲ ಎಂದು ನರಸಣ್ಣನಿಗೆ ಆಗಲೇ ತಿಳಿಯಿತು. ಆದರೆ ಬೆನ್ನಿಗೆ ಮದುಮಗನ ಕಾರಿತ್ತು, ಎರಡು ಸುತ್ತು ಉಳಿದಿದ್ದವು. ಬಾರಿಸು ಎಂದು ತಲೆಯಾಡಿಸಿದ. ಬೇಗ ಮುಗಿಯಲಿ ಎಂದು ಮತ್ತಷ್ಟು ಓಡಿಸಿದ. ಷಡ್ಜಕ್ಕೆ ಬಂದದ್ದೇ ಕ್ಲಾರಿಯೊನೆಟ್ಟನ್ನು ಇಳಿಸಿ ಓಡಿದ. ಕನಕರಾಯನ ತಲೆ ಡ್ರಮ್ಮಿನ ಮೇಲೆ ಬಾಗಿತ್ತು. ಸಿಂಧನೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಮರುದಿನ ಮುಂಜಾನೆ ಕನಕರಾಯನನ್ನು ಅವನ ಮನೆಯ ಮುಂದೆ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಹೂವಿನ ಹಾರದಲ್ಲಿ ಗದ್ದ ಮುಚ್ಚಿಹೋಗಿತ್ತು. ಬ್ಯಾಂಡಿನವನು ಸತ್ತರೆ ಜೊತೆಯವರೇ ಬಾರಿಸುತ್ತ ಕಳಿಸಬೇಕು; ಎಲ್ಲರೂ ವಾದ್ಯ ಹಿಡಿದು ನಿಂತಿದ್ದರು. ಆಗ ಕನಕರಾಯನ ಹೆಂಡತಿ ಅಮರಮ್ಮ ಎದ್ದಳು. ಇಷ್ಟು ವರ್ಷ ಬಾಗಿಲ ಮರೆಯಿಂದಲ್ಲದೆ ಭಾವನೊಡನೆ ಮಾತಾಡದಿದ್ದವಳು ಎಲ್ಲರೆದುರು ಬಂದು ನಿಂತಳು.

"ಭಾವಾ, ಅವ್ರು ಕುಂತಿದ್ದು ನೀವು ನೋಡಿದ್ರೇನ್ರೀ?"

"ಯಾರಿಗೂ ಗೊತ್ತಾಗಲಿಲ್ಲಕ್ಕಾ, ಗದ್ದಲ ಭಾಳ ಇತ್ತು," ಎಂದು ಆಂಜನೇಯ ಅಡ್ಡ ಬಂದ. ನಿನ್ನೆ ಸಂಜೆಯಿಂದ ಓಣಿಗೆಲ್ಲ ಅವನು ಹೇಳಿದ್ದು ಇದನ್ನೇ. ಆ ಸುಳ್ಳಿನ ನೆರಳಲ್ಲಿ ನರಸಣ್ಣ ಸಾಯುವತನಕ ಕೂರಬಹುದಿತ್ತು.

"ನೋಡ್ದೆ," ಅಂದ ನರಸಣ್ಣ.

"ಹಾಡು ಎಷ್ಟು ಉಳಿದಿತ್ತು?"

"ಎರಡು ಸುತ್ತು."

"ಆ ಎರಡು ಸುತ್ತ ಈಗ ಬಾರಿಸ್ರಿ. ನಿನ್ನೆ ಹೆಂಗ ಬಾರಿಸಿದ್ರೋ ಹಂಗ. ಎಷ್ಟೊತ್ತು ಆಕೈತಿ ನಾ ನೋಡಬೇಕು."

"ಹೆಣದ ಮುಂದ ಕುಣಿಯೋ ಹಾಡೇನಬೇ? ಬುದ್ಧಿ ಐತಿಲ್ಲ ನಿನಗ?" ಎಂದು ಓಣಿಯ ಹಿರಿಯ ಮಾನಪ್ಪ ಗದರಿದ. ಅವಳು ಕದಲಲಿಲ್ಲ.

ನರಸಣ್ಣ ಕ್ಲಾರಿಯೊನೆಟ್ಟನ್ನು ತುಟಿಗಿಟ್ಟ. ನಿನ್ನೆಯದೇ ಓಟ. ಎರಡು ಮೂರಕ್ಕೆ ಸಣ್ಣ ಡ್ರಮ್ಮು ಬಿತ್ತು, ಒಂದಕ್ಕೆ ಬಡಿಯುವವರಿರಲಿಲ್ಲ. ಅಮರಮ್ಮ ಗಂಡನ ಪಕ್ಕ ಕೂತು ಅವನ ಕೈ ಹಿಡಿದುಕೊಂಡಳು. ಒಂದು ಸುತ್ತು ಮುಗಿಯಿತು. ನಿನ್ನೆ ಚಿಟಿಕೆಯಲ್ಲಿ ಮುಗಿದಂತಿದ್ದ ಹಾಡು ಇವತ್ತು ಮುಗಿಯಲೊಲ್ಲದು. ಅಷ್ಟರಲ್ಲಿ ತಮ್ಮನನ್ನು ಎತ್ತಿ ಕಾರಿಗೆ ಹಾಕಬಹುದಿತ್ತು, ಊರ ಅಗಸಿ ದಾಟಬಹುದಿತ್ತು. ನರಸಣ್ಣನಿಗೆ ದುಃಖ ಒತ್ತರಿಸಿ ಸ್ವರ ಒಡೆಯಿತು. ಆದರೂ ಒಂದು ಸ್ವರವನ್ನೂ ಹಾರಿಸದೆ ಷಡ್ಜಕ್ಕೆ ಬಂದು ನಿಂತ.

ಅಮರಮ್ಮ ಗಂಡನ ಕೈಯನ್ನು ಮೆಲ್ಲಗೆ ಅವನ ತೊಡೆಯ ಮೇಲಿಟ್ಟಳು.

"ನಿನ್ನೆ ಇಷ್ಟೊತ್ತು ನಿಮ್ಮನ್ನ ನೋಡಿಕೋತ ಕುಂತಿದ್ರು," ಅಂದಳು.