ಎರಡೂ ಬಲಗೈ ತೋಳು

ಹೊಲಿಗೆ ಯಂತ್ರ ನಿಂತಿದೆ, ಸದ್ದು ಮಾತ್ರ ನಿಂತಿಲ್ಲ, ಕಿವಿಯ ಹಿಂದೆಲ್ಲೋ ಟಕಟಕ ಎನ್ನುತ್ತಲೇ ಇದೆ, ಅವಳು ಕತ್ತು ಹೊರಳಿಸಿದರೆ ಅಂಗಡಿ ಒಂದು ಗಳಿಗೆ ತಡವಾಗಿ ಹೊರಳುತ್ತದೆ, ಮೊದಲು ಅವಳು, ಆಮೇಲೆ ಗೋಡೆ, ಆಮೇಲೆ ಗೋಡೆಗೆ ತೂಗುಹಾಕಿದ ಅಂಗಿಗಳು — ಖಿನ್ನತೆಗೆ ಇದು ಹೊಸ ಮಾತ್ರೆ, ಮೊದಮೊದಲು ಹೀಗೇ ಇರುತ್ತೆ, ಹೆದರ್ಕೋಬೇಡಿ, ಹಿಡಿಯೋಕೆ ಕೆಲವು ವಾರ ಬೇಕು, ನೀವಾಗೇ ನಿಲ್ಲಿಸಬೇಡಿ ಅಷ್ಟೇ, ಎಂದಿದ್ದರು ಡಾಕ್ಟರು, ಹೇಳುವಾಗ ಕಣ್ಣು ಬಾಗಿಲ ಮೇಲಿತ್ತು, ಪಾಪ, ಹೊರಗೆ ಹನುಮಂತನ ಬಾಲದಂಥ ಸಾಲು — ಬಾಯಿ ಒಣಗುತ್ತದೆ, ನಿದ್ದೆಯಿಲ್ಲದೆ ಆಕಳಿಕೆ ಬರುತ್ತದೆ, ಅಳು ಮಾತ್ರ ಬರುವುದಿಲ್ಲ, ಬೊಳಬೊಳ ಸುರಿದು ಗಿರಾಕಿಗಳೆದುರು ಮಾನ ಕಳೆಯುತ್ತಿದ್ದ ಆ ಅಳು ಹೇಳದೆ ಕೇಳದೆ ಎದ್ದು ಹೋಗಿದೆ, ಅಂಗಡಿಯ ಅಕ್ಕನಿಗೆ ಅದೇ ಖುಷಿ, ಈಗ ನೋಡೇ, ಮುಖಕ್ಕೆ ಕಳೆ ಬಂದಿದೆ, ಎಲ್ಲಿಯ ಕಳೆಯೋ, ಕನ್ನಡಿಯಲ್ಲಿ ಯಾರೋ ಸಭ್ಯ ಹೆಂಗಸು ನಿಂತಿರುತ್ತಾಳೆ, ಇವಳು ನಕ್ಕರೆ ನಗುತ್ತಾಳೆ, ಯೋಚಿಸಿ ನಗುತ್ತಾಳೆ.

ಅಳು ಹೋದರೆ ಹೋಗಲಿ, ಪೀಡೆ ತೊಲಗಿತು ಎನ್ನಬಹುದಿತ್ತು, ಜೊತೆಗೆ ಇನ್ನೇನನ್ನು ಗಂಟು ಕಟ್ಟಿಕೊಂಡು ಹೋಯಿತೋ, ಭಯಪಡಬೇಕು ಎಂದು ಗೊತ್ತಾಗುತ್ತದೆ, ಭಯ ಬರುವುದಿಲ್ಲ, ನಿನ್ನೆ ಶಾಲೆಯಿಂದ ಓಡಿ ಬಂದ ಮಗಳು ಸೊಂಟ ತಬ್ಬಿದಾಗ ತಬ್ಬಿದ್ದು ಗೊತ್ತಾಯಿತು, ಮೇಜು ತಾಗಿದರೂ ಅಷ್ಟೇ ಗೊತ್ತಾಗುತ್ತದೆ, ಹೆತ್ತ ಮಗು, ಅಮ್ಮ ಉಸಿರಾಡ್ತಿದ್ದಾಳಾ ಅಂತ ಮಲಗಿದವಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದ ಮಗು, ಅದಕ್ಕಾಗಿಯೇ ಅಲ್ಲವೇ ಈ ಮಾತ್ರೆಗೆ ಒಪ್ಪಿದ್ದು, ಇವತ್ತು ನುಂಗದಿದ್ದರೆ, ಅಳುವ ಅಮ್ಮನೇ ವಾಸಿಯಿದ್ದಳೇನೋ ಅದಕ್ಕೆ — ಅಮ್ಮಾ, ಹಾಕ್ಕೊಂಡೆ, ನೋಡು, ಮಗಳು ಪರದೆ ಸರಿಸಿ ನಿಂತಿದ್ದಾಳೆ, ಶಾಲೆಯ ನಾಟಕಕ್ಕೆಂದು ಹೊಲಿದ ನೀಲಿ ಅಂಗಿ, ಬೆಳಿಗ್ಗೆ ಈ ಕೈಗಳೇ ಹೊಲಿದದ್ದಂತೆ, ಅವಳಿಗೆ ಕತ್ತರಿ ಹಿಡಿದ ನೆನಪೂ ಇಲ್ಲ, ಎಡಗಡೆ ಸೊಟ್ಟಗೆ ಎಳೆದುಕೊಂಡಿದೆ, ಅಯ್ಯೋ ನಿನ್ನ, ಎರಡೂ ಬಲಗೈ ತೋಳೇ ಕತ್ತರಿಸಿಬಿಟ್ಟಿದ್ದೀಯಲ್ಲೇ, ಎನ್ನುತ್ತಾಳೆ ಅಕ್ಕ, ಹೌದು, ಬಟ್ಟೆ ಮಡಿಸಿ ಎರಡನ್ನೂ ಒಟ್ಟಿಗೆ ಕತ್ತರಿಸಬೇಕು, ಒಂದೊಂದೇ ಆದರೆ ಎರಡನೆಯದಕ್ಕೆ ಅಳತೆಯ ಕಾಗದ ಮಗುಚಿ ಹಾಕಬೇಕು, ನಿನ್ನೆ ಮೊನ್ನೆ ಕಲಿತವರಿಗೂ ಗೊತ್ತು, ಬಿಚ್ಚು ಮಗಾ, ಸರಿ ಮಾಡ್ತೀನಿ, ಎನ್ನುತ್ತಾಳೆ ಇವಳು, ಮಗಳು ಬಿಚ್ಚುವುದಿಲ್ಲ, ಅಮ್ಮನ ಮುಖವನ್ನೇ ನೋಡುತ್ತ ಎಡಗೈಯನ್ನು ಮೆಲ್ಲಗೆ ಮೇಲೆತ್ತಿ ಹಿಂದಕ್ಕೆ ತಿರುಚಿ ಹಿಡಿಯುತ್ತಾಳೆ, ಸೊಟ್ಟ ಮಾಯವಾಗುತ್ತದೆ, ಸರಿಯಾಗೇ ಇದೆ ಅಮ್ಮ, ಹೀಗಿಟ್ಕೊಂಡ್ರೆ ಗೊತ್ತೇ ಆಗಲ್ಲ, ನಾಟಕ ಮುಗಿಯೋವರೆಗೂ ಹೀಗೇ ಇಟ್ಕೊಂಡಿರ್ತೀನಿ, ನೀನು ಬೇಜಾರು ಮಾಡ್ಕೋಬೇಡ, ನಗುತ್ತಿದ್ದಾಳೆ ಮಗಳು, ಯೋಚಿಸಿ ನಗುತ್ತಿದ್ದಾಳೆ, ಎತ್ತಿದ ಕೈ ಸೋಲುತ್ತಿದೆ, ಇಳಿಸುತ್ತಿಲ್ಲ, ಇಳಿಸು ಎನ್ನಬೇಕು, ಅಷ್ಟರಲ್ಲಿ ಇವಳ ಎಡ ಭುಜದೊಳಗೆ ಏನೋ ಹಿಡಿದುಕೊಂಡಿತು, ನೋವು, ತನ್ನದಲ್ಲದ ನೋವು, ಎಷ್ಟು ದಿನವಾಗಿತ್ತು ಹೀಗೆ ಏನಾದರೂ ಅನಿಸಿ — ಆ ಕೈ, ಹಿಂದಕ್ಕೆ ತಿರುಚಿದ ಆ ಪುಟ್ಟ ಕೈ, ಇನ್ನೂ ಮೇಲೆಯೇ ಇದೆ, ಆ ಕೈ.