ವಾರ್ಮರ್ ಕೂಗಲಿಲ್ಲ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ಇವರು ಎಂದು ಬಂಡೆಮ್ಮನಿಗೆ ಮೊದಲೇ ಖಾತ್ರಿಯಾಗಿತ್ತು. ಇಲ್ಲದಿದ್ದರೆ, ಹಸುಗೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಮಾಡಿ ಮಾರಿದ ಕಂಪನಿಯೇ ಅದನ್ನು ಪರೀಕ್ಷಿಸುತ್ತೇನೆಂದು ಟೆಂಪೋ ಕಳಿಸುವುದೆಂದರೇನು? ಕಳ್ಳನ ಕೈಗೇ ಕೀಲಿಕೈ ಕೊಟ್ಟ ಹಾಗಾಯಿತಲ್ಲ!

ಕಮಲಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ಬಂಡೆಮ್ಮ ನರ್ಸ್. ಹೋದ ವಾರ ಅವಳ ಪಾಳಿಯಲ್ಲಿ, ವಾರ್ಮರಿನಲ್ಲಿ ಮಲಗಿಸಿದ್ದ ಕೂಸೊಂದು ಮೈ ಕಾದು ಕೆಂಡವಾಗಿ ಸಾವಿನ ಬಾಗಿಲು ಮುಟ್ಟಿ ಬಂದಿತ್ತು. ಪುಣ್ಯಕ್ಕೆ ಉಳಿಯಿತು. ಅಪಾಯವಾದರೆ ಕೂಗಿ ಎಚ್ಚರಿಸಬೇಕಾದ ಮಷೀನು ಒಂದು ಸಲವೂ ಕೂಗಲಿಲ್ಲ ಎನ್ನುವುದು ಬಂಡೆಮ್ಮನ ಮಾತು. ಕೂಗಿರುತ್ತದೆ, ನೀನೇ ಅಲ್ಲಿರಲಿಲ್ಲ ಎನ್ನುವುದು ಡಾಕ್ಟರ ಮಾತು. ಮಷೀನು ಸರಿಯಿದೆ ಎಂದು ಕಂಪನಿ ಹೇಳಿತೋ, ನೌಕರಿ ಹೋದಂತೆಯೇ. ಮೇಲೆ ಕೂಸನ್ನು ಸುಟ್ಟವಳೆಂಬ ಹೆಸರು ಬೇರೆ.

"ನಾನೂ ಬರ್ತೀನಿ," ಎಂದು ಟೆಂಪೋ ಹತ್ತಿದಳು. "ದಾರ್ಯಾಗ ಮಷೀನ್ ಬದಲಾದ್ರ ಯಾರನ್ನ ಕೇಳ್ಲಿ?" ಕಲಬುರಗಿ ಮುಟ್ಟುವವರೆಗೆ ವಾರ್ಮರಿನ ಕಾಲು ಹಿಡಿದೇ ಕೂತಿದ್ದಳು.

ಅಲ್ಲಿನ ಖೂಬಾ ಪ್ಲಾಟ್ ಬಡಾವಣೆಯಲ್ಲಿದ್ದ ಕಂಪನಿಯ ಎಂಜಿನಿಯರ್ ಐಶ್ವರ್ಯಾ ಅವಳನ್ನು ತಣ್ಣನೆಯ ಎಸಿ ಖೋಲಿಗೆ ಕರೆದೊಯ್ದು ಚಹಾ ತರಿಸಿದಳು. ಬಂಡೆಮ್ಮ ಕಪ್ಪು ಮುಟ್ಟಲಿಲ್ಲ. ಇಷ್ಟು ಮರ್ಯಾದೆ ಯಾರಾದರೂ ಪುಕ್ಕಟೆ ಕೊಡುತ್ತಾರೆಯೇ?

ಐಶ್ವರ್ಯಾ ಬಿಸಿನೀರು ತುಂಬಿದ ರಬ್ಬರ್ ಗೊಂಬೆಯೊಂದನ್ನು ವಾರ್ಮರಿನಲ್ಲಿ ಮಲಗಿಸಿ, ಹೊಟ್ಟೆಗೆ ಟೇಪಿನಿಂದ ಪ್ರೋಬ್ ಅಂಟಿಸಿದಳು. ಕೂಸಿನ ಮೈಬಿಸಿ ಎಷ್ಟೆಂದು ಮಷೀನಿಗೆ ಹೇಳುವ ಸಣ್ಣ ಗುಂಡಿ ಅದು. ಮೈ ತಣ್ಣಗಿದೆ ಎಂದು ಅದು ಹೇಳಿದರೆ ಮಷೀನು ಕಾವು ಹೆಚ್ಚಿಸುತ್ತದೆ. ಗುಂಡಿಯೇ ಕಳಚಿ ಬಿದ್ದರೆ ಕೂಗಬೇಕು.

"ಟೇಪ್ ಗಟ್ಟಿ ಹಿಡದದ. ತಾನಾಗೇ ಬಿಚ್ಚಂಗಿಲ್ಲ. ಕೂಸಿಗೆ ಎಣ್ಣಿ ಏನಾರ ಹಚ್ಚಿದ್ರೇನ್ರಿ ಅಕ್ಕಾರ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಬಂಡೆಮ್ಮ ಸೆರಗು ಸರಿಮಾಡಿಕೊಂಡಳು. "ಇಲ್ರಿ."

ಹಚ್ಚಿದ್ದರು. ಕೂಸಿನ ಅಜ್ಜಿ ಕಸ್ತೂರಿಬಾಯಿ ಸೆರಗಿನೊಳಗೆ ಶೀಸೆ ಮುಚ್ಚಿಕೊಂಡು ಬಂದು ನೆತ್ತಿಯಿಂದ ಅಂಗಾಲಿನವರೆಗೆ ತೀಡಿದ್ದಳು. ಬಂಡೆಮ್ಮ ಕಂಡೂ ಸುಮ್ಮನಿದ್ದಳು. ಕೂಸಿಗೆ ಎಣ್ಣೆ ಹಚ್ಚದ ಮನೆ ಯಾವುದಿದೆ? ಆದರೆ ಅದನ್ನು ಇಲ್ಲಿ ಹೇಳಿದರೆ ತನ್ನ ಕೊರಳಿಗೆ ತಾನೇ ಹಗ್ಗ ಕೊಟ್ಟಂತೆ.

ಐಶ್ವರ್ಯಾ ಪ್ರೋಬನ್ನು ಕೈಯಿಂದ ಕಿತ್ತಳು. ಮಷೀನು ಕಿಟಾರನೆ ಕೂಗಿತು. ಮತ್ತೆ ಅಂಟಿಸಿ ಕಿತ್ತರೆ ಮತ್ತೆ ಕೂಗಿತು.

"ಅಲ್ಲಿ ಸುಮ್ಮನಿದ್ದದ್ದು ಇಲ್ಲಿ ಹೆಂಗ ಒದರಾಕತ್ತದ? ಏನೋ ಮಾಡೀರಿ ನೀವು!" ಎಂದಳು ಬಂಡೆಮ್ಮ.

"ನಿಮ್ಮ ಕಣ್ಣೆದುರಿಗೇ ಮಾಡೀನಲ್ರೀ. ನೀವ ಏನೋ ಮುಚ್ಚಿಡಾಕತ್ತೀರಿ. ಹಿಂಗಾದ್ರ ಮಷೀನ್ ಸರಿ ಅದ ಅಂತನ ನಾ ಹೇಳಬೇಕಾಗ್ತದ."

ಬಂಡೆಮ್ಮನಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. "ಹೌದು, ಹಚ್ಚಿದ್ರು! ನಾನ ನೋಡೀನಿ, ನಾನ ಸುಮ್ಮನಾಗೀನಿ. ಗಲ್ಲಿಗೆ ಹಾಕ್ರಿ ನನ್ನ!"

ಐಶ್ವರ್ಯಾ ಎಣ್ಣೆ ತರಿಸಿ ಗೊಂಬೆಗೆ ತೀಡಿ, ಪ್ರೋಬನ್ನು ಮತ್ತೆ ಅಂಟಿಸಿದಳು. ಟೇಪು ಜಾರಿತು, ಪ್ರೋಬ್ ಬಟ್ಟೆಯ ಮಡಿಕೆಗೆ ಇಳಿಯಿತು. ಮಷೀನು ಕೂಗಿತು. ಮುಗಿಯಿತು ತನ್ನ ಕಥೆ ಎಂದುಕೊಂಡಳು ಬಂಡೆಮ್ಮ.

ಐಶ್ವರ್ಯಾ ಚಳಿಗೆ ದುಪಟ್ಟಾ ಹೊದ್ದುಕೊಳ್ಳಹೋದವಳು ತಟ್ಟನೆ ನಿಂತಳು. "ನಿಮ್ಮ ವಾರ್ಡಿನ್ಯಾಗ ಎಸಿ ಅದ ಏನ್ರಿ?"

"ಎಲ್ಲಿ ಎಸಿ ತಾಯಿ! ಫ್ಯಾನ್ ತಿರುಗಿದ್ರ ಬೆಂಕಿ ಗಾಳಿ."

ಐಶ್ವರ್ಯಾ ಎಸಿ ಬಂದ್ ಮಾಡಿ ಕಿಟಕಿಗಳನ್ನೆಲ್ಲ ತೆರೆದಳು. ಮೇ ತಿಂಗಳ ನಡುಮಧ್ಯಾಹ್ನ ಒಳಗೆ ನುಗ್ಗಿತು. ಖೋಲಿ ಚೆನ್ನಾಗಿ ಕಾದ ಮೇಲೆ ಮತ್ತೆ ಅದೇ ಎಣ್ಣೆ, ಅದೇ ಟೇಪು. ಪ್ರೋಬ್ ಜಾರಿ ಬಟ್ಟೆಯೊಳಗೆ ಬಿತ್ತು. ಇಬ್ಬರೂ ಬೆವರೊರೆಸಿಕೊಳ್ಳುತ್ತ ಕಾದರು. ಮಷೀನು ಕೂಗಲೇ ಇಲ್ಲ. ಹೀಟರು ಮಾತ್ರ ಕೆಂಪಗಾಗುತ್ತ ಹೋಯಿತು.

ಐಶ್ವರ್ಯಾ ಮಷೀನಿನ ಸ್ವಿಚ್ ಆರಿಸಿದಳು. "ಪ್ರೋಬ್ ಬಿದ್ರ ಪೂರಾ ತಣ್ಣಗಾಗ್ತದ, ಆವಾಗ ಕೂಗು ಅಂತ ಇದರ ಸಾಫ್ಟ್‌ವೇರ್ ಬರದಾಕಿ ನಾನ. ಈ ಸೆಕಿಯಾಗ ಅದು ತಣ್ಣಗಾಗೂದೇ ಇಲ್ಲ. ಕೂಸಿಗೆ ಚೂರು ಥಂಡಿ ಆಗ್ಯದ ಅಂತ ತಿಳ್ಕೊಂಡು ಇನ್ನಾ ಕಾಯಿಸ್ತದ. ಕಲಬುರಗಿಯಾಗಿದ್ದು ಎಸಿಯಾಗ ಪರೀಕ್ಷಾ ಮಾಡೀವಲ್ಲ, ನಮಗೇನನ್ನಬೇಕು!"

ಕಂಪನಿಯ ಮಾಲೀಕ ಅಮರನಾಥ ಬಂದು ಎಲ್ಲ ಕೇಳಿಸಿಕೊಂಡ. ಮೊದಲು ಬಾಗಿಲು ಮುಚ್ಚಿದ. "ಸಿಸ್ಟರ್, ನಿಮ್ಮ ತಪ್ಪಿಲ್ಲಂತ ಡಾಕ್ಟರ್ ಸಾಹೇಬ್ರಿಗೆ ನಾನ ಹೇಳ್ತೀನಿ. ನೌಕರಿ ಎಲ್ಲಿಗೂ ಹೋಗಂಗಿಲ್ಲ. ಉಳಿದ ಮಷೀನ್ ಸಾವಕಾಶ ದುರಸ್ತಿ ಮಾಡಿಸ್ತೀವಿ. ಈ ಮಾತು ಹೊರಗ ಬ್ಯಾಡ."

ಬಂಡೆಮ್ಮ ಬಯಸಿ ಬಂದದ್ದು ತಾನಾಗಿ ಮಡಿಲಿಗೆ ಬಿದ್ದಿತ್ತು. ಹೂಂ ಅಂದರೆ ಸಾಕು. ಆದರೆ ಆ ಬೆಲ್ಲದಂಥ ದನಿಗೆ ಅವಳ ಮೈಯೆಲ್ಲ ಉರಿದುಹೋಯಿತು.

"ಉಳಿದ ಮಷೀನ್ ಎಲ್ಲೆಲ್ಲಿ ಅವ?"

"ಅದೆಲ್ಲ ನಿಮಗ್ಯಾಕ..."

"ಆಳಂದದ ಕಡೆ ಒಂದು ದವಾಖಾನ್ಯಾಗ ಅದ," ಎಂದಳು ಐಶ್ವರ್ಯಾ. ಆಗಲೇ ಅಲ್ಲಿಗೆ ಫೋನ್ ಹಚ್ಚಿದ್ದಳು.

"ಸ್ಪೀಕರ್ ಹಾಕ್ರಿ. ನಾನೂ ಕೇಳಬೇಕು," ಎಂದಳು ಬಂಡೆಮ್ಮ. ಅವಳಿಗೆ ಇನ್ನೂ ಯಾರ ಮೇಲೂ ನಂಬಿಕೆಯಿರಲಿಲ್ಲ.

ಆ ಕಡೆ ಎತ್ತಿದ್ದು ಒಬ್ಬ ನರ್ಸ್. "ವಾರ್ಮರ್ ಏನ್ರಿ? ಚಲೋ ನಡದದ. ಕೂಸು ಮಲಗ್ಯದ. ಮುಂಜಾನಿಂದ ಒಂದ್ಸಲನೂ ಕೂಗಿಲ್ರಿ."

ಬಂಡೆಮ್ಮ ಫೋನ್ ಕಸಿದುಕೊಂಡಳು. "ಕೂಗಿಲ್ಲಂತ ನಂಬಬ್ಯಾಡವ್ವ. ಮೊದಲ ಕೂಸಿನ ಮೈ ಮುಟ್ಟಿ ನೋಡು."

ಚಪ್ಪಲಿ ಸಪ್ಪಳ ಕೇಳಿಸಿತು.

"ಯವ್ವಾ! ಕಾದ ಹಂಚಾಗ್ಯದ್ರಿ!"

"ಎತ್ತಿಕೋ!" ಬಂಡೆಮ್ಮ ಚೀರಿದಳು. "ಮಷೀನ್ ಬಂದ್ ಮಾಡಿ ಎತ್ತಿಕೋ, ಡಾಕ್ಟರ್‌ನ ಕರಿ!"

ಮೂವರೂ ಫೋನಿನತ್ತ ಬಾಗಿದರು. ಕಡೆಗೂ ಫೋನಿನೊಳಗಿಂದ ಕೂಸು ಕಿರ್ರನೆ ಅತ್ತಿತು. ಬಂಡೆಮ್ಮ ಕಣ್ಣೊರೆಸಿಕೊಂಡಳು, ಫೋನು ಮಾತ್ರ ಕೆಳಗಿಡಲಿಲ್ಲ.

"ಮುಂದಿನ ನಂಬರ್ ಹೇಳ್ರಿ," ಎಂದು ಅಮರನಾಥನ ಮುಖ ನೋಡಿದಳು.